ಊರಿಗೆ ಹೊರಟಿರಾ? ಮನೆಯ ನಾಯಿಗೂ ನೆರಳು, ನೀರು ಬೇಕು

ಬೋರಾಮಣಿ: ಮೇ ತಿಂಗಳು ಬಂತೆಂದರೆ ನಮ್ಮ ಗಡಿಭಾಗದ ಮನೆಗಳಲ್ಲಿ ಗಂಟು ಕಟ್ಟುವ ಗದ್ದಲ. ಅತ್ತ ಕರ್ನಾಟಕದ ಶಾಲೆಗಳಿಗೆ ಏಪ್ರಿಲ್‌ನಲ್ಲೇ ರಜೆ, ಇತ್ತ ಮಹಾರಾಷ್ಟ್ರದ ಶಾಲೆಗಳಿಗೆ ಜೂನ್ ನಡುವಿನವರೆಗೆ ಸುಟ್ಟಿ. ಎರಡೂ ಕಡೆಯ ಮಕ್ಕಳ ಸುಟ್ಟಿ ಕೂಡಿ ಬರುವುದು ಮೇ ತಿಂಗಳಲ್ಲಿ. ಹೀಗಾಗಿ ಸೊಲ್ಲಾಪುರ, ಅಕ್ಕಲಕೋಟೆಯವರು ಇಂಡಿ, ಅಫಜಲಪುರ, ಆಳಂದದ ಬೀಗರ ಮನೆಗೆ. ಅಲ್ಲಿಯವರು ಇಲ್ಲಿಯ ಸೋದರಮಾವನ ಮನೆಗೆ. ಮದುವೆ, ಜವಳ, ಜಾತ್ರೆ ಎಲ್ಲವೂ ಇದೇ ಬಿಸಿಲಿನಲ್ಲಿ. ಸೊಲ್ಲಾಪುರದ ಬಿಸಿಲಿನ ಬಗ್ಗೆ ಬೇರೆ ಹೇಳಬೇಕಿಲ್ಲ, 42-43 ಡಿಗ್ರಿ ಅಂದರೆ ನಮಗದು ಸುದ್ದಿಯೇ ಅಲ್ಲ.

ಈ ಓಡಾಟಕ್ಕೆ ಈಗ ಹೊಸ ಪ್ರಯಾಣಿಕರು ಸೇರಿದ್ದಾರೆ. ಪುಣೆ, ಮುಂಬೈಗೆ ನೌಕರಿಗೆ ಹೋದ ಮಕ್ಕಳು ಊರಿಗೆ ಬರುವಾಗ ಕಾರಿನಲ್ಲಿ ಲ್ಯಾಬ್ರಡಾರ್, ಪಗ್ ನಾಯಿಗಳನ್ನೂ ಕರೆತರುತ್ತಾರೆ. ಅಕ್ಕಲಕೋಟೆ, ಗಾಣಗಾಪುರ, ತುಳಜಾಪುರ ದರ್ಶನಕ್ಕೆ ಬರುವ ದೂರದ ಕುಟುಂಬಗಳ ಗಾಡಿಯಲ್ಲೂ ಹಿಂದಿನ ಸೀಟಿನಲ್ಲಿ ಒಂದು ಮೂತಿ ಕಾಣುತ್ತದೆ. ಮನೆಯವರಂತೆ ಸಾಕಿದ್ದಾರೆ, ಬಿಟ್ಟು ಬರಲು ಮನಸ್ಸಾಗುವುದಿಲ್ಲ. ಅದು ಸರಿಯೇ. ಆದರೆ ಕರೆದುಕೊಂಡು ಬಂದ ಮೇಲೆ ನಡುಮಧ್ಯಾಹ್ನ ಅದನ್ನು ಎಲ್ಲಿ ಬಿಡುತ್ತಾರೆ ಎಂಬುದೇ ನಮ್ಮ ಪ್ರಶ್ನೆ.

ಕೆಲ ವರ್ಷಗಳ ಹಿಂದೆ ಒಂದು ಕ್ಷೇತ್ರದ ಪಾರ್ಕಿಂಗ್‌ನಲ್ಲಿ ನಾವೇ ಕಂಡದ್ದು ಇದು. ಮಧ್ಯಾಹ್ನ ಒಂದು ಗಂಟೆಯ ಸುಮಾರು. ಗಾಡಿ ಕಾಯುವ ಹುಡುಗ ಓಡಿ ಬಂದು, "ಕಾಕಾ, ಆ ಬಿಳೇ ಗಾಡ್ಯಾಗ ನಾಯಿ ಐತ್ರಿ, ಏಳವಲ್ದು" ಅಂದ. ಹೋಗಿ ನೋಡಿದರೆ ಕಿಟಕಿ ಗಾಜು ಎರಡು ಬೆರಳಿನಷ್ಟು ಇಳಿಸಿದ್ದರು. ಒಳಗೆ ನಾಯಿ ಸೀಟಿನ ಕೆಳಗೆ ಬಿದ್ದುಕೊಂಡು, ಜೊಲ್ಲು ಸುರಿಸುತ್ತ ತೇಕುತ್ತಿತ್ತು. ಗಾಡಿ ನಂಬರು ಮೈಕಿನಲ್ಲಿ ಕೂಗಿಸಿ, ದರ್ಶನದ ಸಾಲಿನಿಂದ ಮನೆಯವರು ಬರುವುದಕ್ಕೆ ಇಪ್ಪತ್ತು ನಿಮಿಷ ಹಿಡಿಯಿತು. "ಕಾಚ್ ಉಘಡೀ ಠೇವಲೀ ಹೋತೀ ನಾ," ಗಾಜು ತೆರೆದೇ ಇಟ್ಟಿದ್ದೆವಲ್ಲ ಎಂದು ಯಜಮಾನರು ಮತ್ತೆ ಮತ್ತೆ ಹೇಳಿದರು. ಅವರೇನು ಕಟುಕರಲ್ಲ, ಗೊತ್ತಿರಲಿಲ್ಲ ಅಷ್ಟೇ. ನೆರಳಿಗೆ ಎತ್ತಿ ತಂದು ಕೊಡದಿಂದ ನೀರು ಸುರಿದೆವು. ಅವರ ಸಣ್ಣ ಹುಡುಗಿ ನಾಯಿಯ ಕಾಲು ಹಿಡಿದು ಕೂತಿದ್ದಳು. ಉಸಿರು ಸ್ವಲ್ಪ ಹದಕ್ಕೆ ಬಂದ ಮೇಲೆ ಡಾಕ್ಟರ ಕಡೆಗೆ ಗಾಡಿ ಹೊಡೆದರು. ಮುಂದೆ ಏನಾಯಿತೋ ತಿಳಿಯಲಿಲ್ಲ.

ಬಿಸಿಲಿನಲ್ಲಿ ನಿಂತ ಕಾರು ಎಂದರೆ ಕಾದ ಒಲೆ. ಗಾಜಿನಿಂದ ಒಳಹೋದ ಬಿಸಿ ಹೊರಗೆ ಬರುವುದಿಲ್ಲ. ಹತ್ತಿಪ್ಪತ್ತು ನಿಮಿಷದಲ್ಲಿ ಹೊರಗಿನ ಶಾಖಕ್ಕಿಂತ ಒಳಗಿನದು ಹತ್ತು ಡಿಗ್ರಿ ಮೇಲೇರುತ್ತದೆ. ಹೊರಗೆ 42 ಇದ್ದರೆ ಒಳಗೆಷ್ಟು ಎಂದು ನೀವೇ ಲೆಕ್ಕ ಹಾಕಿ. ಗಾಜು ಎರಡು ಬೆರಳು ಇಳಿಸಿದರೆ ಏನೂ ಹೆಚ್ಚಿನ ಉಪಯೋಗವಿಲ್ಲ. ನಾಯಿಗೆ ನಮ್ಮಂತೆ ಮೈತುಂಬ ಬೆವರು ಬರುವುದಿಲ್ಲ. ಪಾದದಲ್ಲಿ ಅಲ್ಪಸ್ವಲ್ಪ ಬೆವರುವುದು ಬಿಟ್ಟರೆ ತೇಕುವುದೊಂದೇ ಅದಕ್ಕಿರುವ ದಾರಿ. ಸುತ್ತಲಿನ ಗಾಳಿಯೇ ಕಾದಿದ್ದರೆ ತೇಕಿದರೂ ಮೈ ತಣ್ಣಗಾಗದು. ನಾಯಿಯ ಮೈಶಾಖ ಸಾಮಾನ್ಯವಾಗಿ 38-39 ಡಿಗ್ರಿ. 41 ದಾಟಿತೆಂದರೆ ಜೀವಕ್ಕೇ ಅಪಾಯ. ಪಗ್, ಬುಲ್‌ಡಾಗ್‌ನಂಥ ಚಪ್ಪಟೆ ಮೂಗಿನ ನಾಯಿಗಳಿಗೆ, ಪರ್ಷಿಯನ್ ಬೆಕ್ಕಿಗೆ ಇನ್ನೂ ಕಷ್ಟ, ಉಸಿರಿನ ದಾರಿಯೇ ಇಕ್ಕಟ್ಟು. ನಮ್ಮ ಮುಧೋಳ ನಾಯಿ, ಮರಾಠಿಯವರು ಕಾರವಾನ ಅನ್ನುವುದು, ಉದ್ದ ಮೂತಿಯದು, ಈ ಬಯಲುಸೀಮೆಯದೇ. ಆದರೂ ಮುಚ್ಚಿದ ಕಾರಿನಲ್ಲಿ ಅದೂ ಉಳಿಯಲಾರದು.

ಮೊದಲು ಹಿರಿಯರು ಚಕ್ಕಡಿ ಹೂಡಿ ಜಾತ್ರೆಗೆ ಹೋಗುವಾಗ ಮನೆಯ ನಾಯಿ ಚಕ್ಕಡಿ ಕೆಳಗಿನ ನೆರಳಿನಲ್ಲೇ ನಡೆದು ಬರುತ್ತಿತ್ತು. ತಾನೇ ಚಕ್ಕಡಿ ಎಳೆಯುತ್ತೇನೆ ಅಂತ ತಿಳಿದಿತ್ತಂತೆ ಎಂದು ಅದನ್ನು ನಗೆ ಮಾಡುತ್ತೇವೆ. ಆದರೆ ಆ ಪ್ರಯಾಣಕ್ಕೊಂದು ರೀತಿ ಇತ್ತು. ಕೋಳಿ ಕೂಗುವ ಹೊತ್ತಿಗೆ ಹೊರಡುವುದು, ಬಿಸಿಲೇರಿದರೆ ಬೇವಿನ ಗಿಡದ ಕೆಳಗೆ ಎತ್ತು ಬಿಚ್ಚಿ ನೀರು ಕುಡಿಸುವುದು, ಹೊತ್ತು ಇಳಿದ ಮೇಲೆ ಮತ್ತೆ ಹೂಡುವುದು. ಈಗ ಹೈದರಾಬಾದ್ ಹೆದ್ದಾರಿ ಅಗಲವಾಗಿದೆ, ಹಳೆಯ ನೆರಳು ಹೋಗಿದೆ. ಗಾಡಿ ಜೋರಾಗಿ ಓಡುತ್ತದೆ ಎಂಬ ಭರವಸೆಯಲ್ಲಿ ನಾವು ಊಟ ಮಾಡಿ ಹನ್ನೆರಡಕ್ಕೆ ಹೊರಡುತ್ತೇವೆ.

ಹೊರಡುವ ಹೊತ್ತು ಬದಲಾಯಿಸಿದರೆ ಅರ್ಧ ತೊಂದರೆ ತಪ್ಪಿದಂತೆ. ಬೆಳಗಿನ ಐದಕ್ಕೆ ಹೊರಟರೆ ಸೊಲ್ಲಾಪುರದಿಂದ ವಿಜಯಪುರ ಬಿಸಿಲೇರುವುದರೊಳಗೆ ಮುಟ್ಟಬಹುದು. ಹೊರಡುವ ಮೂರು ನಾಲ್ಕು ತಾಸು ಮೊದಲು ಹೊಟ್ಟೆತುಂಬ ಉಣ್ಣಿಸಬೇಡಿ, ವಾಂತಿ ಮಾಡಿಕೊಳ್ಳುತ್ತದೆ. ನೀರು ಮಾತ್ರ ಆಗಾಗ ಸ್ವಲ್ಪ ಸ್ವಲ್ಪ ಕೊಡಿ. ಅದಕ್ಕೇ ಬೇರೆ ಬಾಟಲಿ, ಒಂದು ಅಗಲ ಬಟ್ಟಲು ಇರಲಿ. ಧಾಬಾಕ್ಕೆ ಇಳಿದಾಗ ಡಾಂಬರಿನ ಮೇಲೆ ನಡೆಸುವ ಮೊದಲು ನಿಮ್ಮ ಮುಂಗೈ ಹಿಂಭಾಗವನ್ನು ನೆಲಕ್ಕೆ ಇಟ್ಟು ನೋಡಿ. ಐದಾರು ಸೆಕೆಂಡ್ ತಡೆಯಲಾಗದಿದ್ದರೆ ಅದರ ಪಾದಕ್ಕೂ ಆಗುವುದಿಲ್ಲ. ಊಟಕ್ಕೆ ಕೂತಾಗ ಒಬ್ಬರು ನಾಯಿಯೊಂದಿಗೆ ಹೊರಗೆ ನೆರಳಿನಲ್ಲಿ ಇರಲಿ, ಪಾಳಿ ಮಾಡಿಕೊಳ್ಳಿ. ದರ್ಶನಕ್ಕೂ ಅದೇ ಮಾತು. ತೇಕು ನಿಲ್ಲದೆ, ಒಸಡು ಕೆಂಪೇರಿ, ಕಾಲು ತೊಡರಿದರೆ ಅದು ಝಳ ಬಡಿದ ಲಕ್ಷಣ. ಕೂಡಲೇ ನೆರಳಿಗೆ ತಂದು ಹೊಟ್ಟೆ, ತೊಡೆಸಂದಿ, ಪಾದಗಳಿಗೆ ನೀರು ಸುರಿದು ಗಾಳಿ ಹಾಕಿ. ಬಾಯಿಗೆ ಬಲವಂತವಾಗಿ ನೀರು ಹೊಯ್ಯಬೇಡಿ. ಎದ್ದು ನಿಂತರೂ ಡಾಕ್ಟರಿಗೆ ತೋರಿಸಲೇಬೇಕು.

ರೈಲಿನವರದು ಬೇರೆ ಪಾಡು. ನಿಯಮದ ಪ್ರಕಾರ ಸ್ಲೀಪರ್, ಎಸಿ ತ್ರೀ-ಟಯರ್‌ನಲ್ಲಿ ನಾಯಿ ಒಯ್ಯುವಂತಿಲ್ಲ. ಫಸ್ಟ್ ಎಸಿಯಲ್ಲಿ ಪೂರ್ತಿ ಕೂಪೆ ಹಿಡಿಯಬೇಕು, ಇಲ್ಲವೇ ಬ್ರೇಕ್ ವ್ಯಾನ್‌ನ ನಾಯಿಪೆಟ್ಟಿಗೆ. ಅಲ್ಲಿ ನೀರು, ಅನ್ನ ಒಡೆಯನದೇ ಜವಾಬ್ದಾರಿ. ಮೇ ತಿಂಗಳ ಹಗಲಿನಲ್ಲಿ ಆ ಪೆಟ್ಟಿಗೆಗೆ ಹಾಕುವುದು ಬೇಡವೇ ಬೇಡ ಎನ್ನುತ್ತೇವೆ, ರಾತ್ರಿ ಗಾಡಿ ನೋಡಿಕೊಳ್ಳಿ. ರೇಬೀಸ್ ಲಸಿಕೆಯ ಕಾಗದ ಮರೆಯಬೇಡಿ.

ಬಸ್ಸಿನ ಮಾತು ಬಂದಾಗ ನೆನಪಾಗುತ್ತದೆ. 2024ರ ಮಾರ್ಚ್‌ನಲ್ಲಿ ಬೆಂಗಳೂರಿನಿಂದ ಮೈಸೂರಿಗೆ ಹೊರಟ ಅಜ್ಜಿ-ಮೊಮ್ಮಗಳಿಗೆ ಶಕ್ತಿ ಯೋಜನೆಯಲ್ಲಿ ಟಿಕೆಟ್ ಪುಕ್ಕಟೆ, ಅವರ ಜೊತೆಗಿದ್ದ ನಾಲ್ಕು ಲವ್ ಬರ್ಡ್ಸ್‌ಗೆ 444 ರೂಪಾಯಿ! ಎಲ್ಲರೂ ನಕ್ಕರು. (ಗಡಿ ಈಚೆಯ ನಮ್ಮ ಅಕ್ಕತಂಗಿಯರಿಗೆ ಶಕ್ತಿಯೂ ಇಲ್ಲ, ಎಸ್‌ಟಿಯಲ್ಲಿ 2023ರಿಂದ ಅರ್ಧ ಟಿಕೆಟ್, ಅದೂ ಮಹಾರಾಷ್ಟ್ರದ ಗಡಿಯವರೆಗೆ.) ನಮಗನಿಸುವುದು ಬೇರೆ. ಟಿಕೆಟ್ ಪಡೆದ ಜೀವಕ್ಕೆ ಗಾಳಿ ಬರುವ ಒಂದು ಜಾಗವೂ ಸಿಗಬೇಕಲ್ಲವೇ? ಪಂಜರವನ್ನು ಸೀಟಿನ ಕೆಳಗೆ, ಇಂಜಿನ್ ಪಕ್ಕ ತುರುಕಿದರೆ ಊರು ಮುಟ್ಟುವುದರೊಳಗೆ ಹಕ್ಕಿ ಸತ್ತಿರುತ್ತದೆ. ಇನ್ನು ನಮ್ಮ ಹಸಿರು ಗಿಳಿಯನ್ನು ಪಂಜರದಲ್ಲಿ ಇಡುವುದೇ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ, ಅದನ್ನು ಊರಿಂದೂರಿಗೆ ಒಯ್ಯುವ ಮಾತೇ ಇಲ್ಲ. ಬೈಕಿನ ಹ್ಯಾಂಡಲ್‌ಗೆ ಕೋಳಿಗಳನ್ನು ತಲೆಕೆಳಗೆ ತೂಗುಹಾಕುವ ಜಾತ್ರೆಯ ರೂಢಿಯೂ ನಿಲ್ಲಬೇಕು.

ನಮ್ಮ ಅಭಿಪ್ರಾಯ ಕೇಳಿದರೆ, ಎರಡು ಮೂರು ದಿನದ ಊರಿಗೆ ಒಯ್ಯದಿರುವುದೇ ಒಳ್ಳೆಯದು. ಬೆಕ್ಕಂತೂ ಮನುಷ್ಯರಿಗಿಂತ ಮನೆಗೆ ಹೊಂದಿಕೊಂಡ ಜೀವ. ಆದರೆ ಬಿಟ್ಟು ಹೋಗುವುದೆಂದರೆ ಅಂಗಳದ ಗಿಡಕ್ಕೆ ಕಟ್ಟಿ ಒಂದು ಬೋಗುಣಿ ನೀರಿಟ್ಟು ಹೋಗುವುದಲ್ಲ. ಮುಂಜಾನೆ ಇದ್ದ ನೆರಳು ಮಧ್ಯಾಹ್ನ ಅಲ್ಲಿರುವುದಿಲ್ಲ, ಬೋಗುಣಿ ಒಂದು ಸಲ ಕಾಲು ತಾಗಿದರೆ ಮಗುಚುತ್ತದೆ. ನೆರೆಮನೆಯವರಿಗೆ ಕೀಲಿ ಕೊಟ್ಟು, ದಿನಕ್ಕೆರಡು ಸಲ ನೋಡಲು ಹೇಳಿ ಹೋಗಿ.

ಕಾನೂನು ಇಲ್ಲವೆಂದಲ್ಲ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಲ್ಲಿ ಪ್ರಾಣಿಯನ್ನು ನೋವಾಗುವಂತೆ ಸಾಗಿಸುವುದು, ನೀರು-ನೆರಳು ಕೊಡದಿರುವುದು ಅಪರಾಧವೇ. ಮೊದಲ ತಪ್ಪಿಗೆ ದಂಡ ಎಷ್ಟು ಗೊತ್ತೇ? ಹತ್ತರಿಂದ ಐವತ್ತು ರೂಪಾಯಿ. ಪಾರ್ಕಿಂಗ್ ಚೀಟಿಗೇ ಅಷ್ಟಾಗುತ್ತದೆ. ಅರವತ್ತು ವರ್ಷ ದಾಟಿದ ಈ ಅಂಕಿಯನ್ನು ಬದಲಿಸಲು ನಮ್ಮ ಸಂಸದರು ಬಾಯಿ ಬಿಡಬೇಕು.

ಅಲ್ಲಿಯವರೆಗೆ ಊರ ಮಟ್ಟದಲ್ಲಿ ಆಗಬೇಕಾದದ್ದು ಎರಡೇ. ಕ್ಷೇತ್ರಗಳ ಪಾರ್ಕಿಂಗ್‌ನಲ್ಲಿ ಚೀಟಿ ಹರಿಯುವಾಗಲೇ "ಗಾಡ್ಯಾಗ ನಾಯಿ ಐತೇನ್ರಿ?" ಎಂದು ಕೇಳುವ ಪದ್ಧತಿ ಬರಲಿ, ಮರಾಠಿ-ಕನ್ನಡ ಎರಡರಲ್ಲೂ ಒಂದು ಫಲಕ ಹಾಕಲಿ. ಇನ್ನು, ಯುಗಾದಿಯಿಂದ ಬಸವ ಜಯಂತಿಯವರೆಗೆ ಬೋರಾಮಣಿಯಿಂದ ಅಕ್ಕಲಕೋಟೆಯವರೆಗೂ ಸಂಘದವರು, ತರುಣ ಮಂಡಳದವರು ಅರವಟ್ಟಿಗೆ ತೆರೆಯುತ್ತಾರೆ, ಮರಾಠಿಯಲ್ಲಿ ಪಾಣಪೋಯಿ. ಅಲ್ಲಿ ಕೈತೊಳೆದ ನೀರು, ಲೋಟದಲ್ಲಿ ಉಳಿದ ನೀರು ಮಣ್ಣುಪಾಲು. ಆ ನಲ್ಲಿಯ ಕೆಳಗೆ, ಮಂಡಪದ ನೆರಳಿನಲ್ಲೇ, ಒಂದು ಹಳೆಯ ಕಲ್ಲಿನ ದೋಣಿ ಇಟ್ಟು ದಿನಾ ತೊಳೆದು ತುಂಬಿಸಿದರೆ ಬೇರೆ ಖರ್ಚಿಲ್ಲ. ಗ್ರಾಮ ಪಂಚಾಯಿತಿಯವರು ಮೊದಲ ದೋಣಿಯನ್ನು ಬೋರಾಮಣಿ ಸ್ಟ್ಯಾಂಡ್ ಎದುರಿಗೇ ಇಡಲಿ, ಅದರ ಫೋಟೋ ಇದೇ ಪುಟದಲ್ಲಿ ಹಾಕುತ್ತೇವೆ.