ವರನ ಹೆಸರು ಆರು ಪ್ರಶ್ನಾರ್ಥಕ ಚಿಹ್ನೆಯೇ?

"ಚಿ. ?????? ಇವರ ವಿವಾಹವು ಚಿ. ಕುಂ. ಸೌ. ????? ಇವರೊಂದಿಗೆ..."

ಕನ್ನಡದ ಹುಡುಗರೇ, ಇದು ತಮಾಷೆಗೆ ಬರೆದದ್ದಲ್ಲ. ಕಳೆದ ವರ್ಷ ಲಗ್ನದ ಸುಗ್ಗಿಯಲ್ಲಿ ಕುಲಗೋಡದ ನನ್ನ ಪ್ರೆಸ್ಸಿನ ಕಂಪ್ಯೂಟರಿನ ಮೇಲೆ ಮೂಡಿದ ಲಗ್ನಪತ್ರಿಕೆ ಇದು. ವರ ಯಾರು? ಪ್ರಶ್ನಾರ್ಥಕ. ವಧು ಯಾರು? ಪ್ರಶ್ನಾರ್ಥಕ. ಹಿರಿಯರು, ಬೀಗರು, ಸುಖಾಗಮನ ಬಯಸುವವರು ಎಲ್ಲರೂ ಪ್ರಶ್ನಾರ್ಥಕ! ತಾರೀಖು ಮತ್ತು ಮೊಬೈಲ್ ನಂಬರ್ ಮಾತ್ರ ಏನೂ ಆಗದವರ ಹಾಗೆ ನೆಟ್ಟಗೆ ನಿಂತಿದ್ದವು, ಯಾಕೆಂದರೆ ಅವು ಇಂಗ್ಲಿಷ್ ಅಂಕಿಗಳು.

ನಾನು ಪಿಯುಸಿ ಓದಿದವನು. ಅಪ್ಪನ ಟ್ರೆಡಲ್ ಮಶೀನಿನ ಮುಂದೆ ಬೆಳೆದವನು. ಸೀಸದ ಮೊಳೆ ಜೋಡಿಸುವ ಕಾಲದಲ್ಲಿ ಒತ್ತಕ್ಷರದ ಮೊಳೆ ಮುಗಿದರೆ ಕೆಲಸ ನಿಲ್ಲುತ್ತಿತ್ತು. ಆಮೇಲೆ ಪೇಜ್‌ಮೇಕರ್ ಬಂತು. ನಮ್ಮ ಕಂಪ್ಯೂಟರಿನಲ್ಲಿ ಚೆಂದ ಕಾಣುತ್ತಿದ್ದ ಪುಟವನ್ನು ಫ್ಲಾಪಿಗೆ ಹಾಕಿಕೊಂಡು ಬಸ್ಸು ಹತ್ತಿ ಬೆಳಗಾವಿಗೆ ಫಿಲ್ಮ್ ತೆಗೆಸಲು ಹೋದರೆ, ಅಲ್ಲಿ ತೆರೆದಾಗ ಬರೀ ಇಂಗ್ಲಿಷ್ ಅಕ್ಷರದ ಕಸ. ನಮ್ಮ ಫಾಂಟು ಅವರಲ್ಲಿ ಇಲ್ಲ! ಮತ್ತೆ ಊರಿಗೆ ಬಂದು ಫಾಂಟು ತೆಗೆದುಕೊಂಡು ಹೋಗಬೇಕು. ಒಂದು ದಿನ, ಎರಡು ಟಿಕೆಟ್ಟು ದಂಡ. ಆವಾಗಲೇ ಒಂದು ಪಾಠ ಕಲಿತಿದ್ದೆ. ನನ್ನ ಮಶೀನಿನಲ್ಲಿ ಸರಿ ಇದ್ದದ್ದು ಇನ್ನೊಬ್ಬರ ಮಶೀನಿನಲ್ಲಿ ಸರಿ ಇರುತ್ತದೆಂದು ನಂಬಬಾರದು.

ಆ ಪಾಠವನ್ನು ಕಳೆದ ವರ್ಷ ಮರೆತೆ.

ನನ್ನ ತಂಗಿಯ ಮಗ ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. ದೀಪಾವಳಿಗೆ ಬಂದವನು, "ಮಾಮಾ, ಗಿರಾಕಿ ಎಲ್ಲಾ ಮೊಬೈಲಿನ್ಯಾಗ ಹೆಸರು ತುಂಬಿ ಕಳಿಸೂಹಂಗ ಒಂದು ಅಪ್ಲಿಕೇಶನ್ ಮಾಡಿಕೊಡ್ತೀನಿ, ಪ್ರೂಫ್ ಅವರಿಗೆ ಅಲ್ಲೇ ಕಾಣತೈತಿ" ಅಂದ. ಮಾಡಿದ. ಅವನ ಲ್ಯಾಪ್‌ಟಾಪಿನಲ್ಲಿ ಮುತ್ತಿನಂಥ ಕನ್ನಡ. ಅದನ್ನು ಬಾಡಿಗೆ ಸರ್ವರಿಗೆ ಏರಿಸಿದೆವು. ಅಲ್ಲಿಂದ ಶುರುವಾಯಿತು ನೋಡಿ.

ಮೊದಲ ರಾತ್ರಿ ಪುಟವೇ ತೆರೆಯಲಿಲ್ಲ. 500 ಎಂಬ ಅಂಕಿ. ಹುಡುಗ ಗಾಬರಿಯಾಗಿ ಬರೆದದ್ದನ್ನೆಲ್ಲ ತಿದ್ದಲು ಕುಳಿತ. ನಾನು ಕೇಳಿದೆ: "ತಮ್ಮಾ, ಮಶೀನು ನಿಂತರ ಮೊದಲ ಏನು ನೋಡ್ತೀವಿ? ಎಲ್ಲಿ ಸಪ್ಪಳ ಬಂತು ಅಂತ ಕೇಳ್ತೀವಿ. ನಿನ್ನ ಸರ್ವರ್ ಸಪ್ಪಳ ಎಲ್ಲಿ ಮಾಡತೈತಿ?" ಆಗ ಅವನು ಲಾಗ್ ಎಂಬ ಕಡತ ತೆರೆದ. ತಾನು ಯಾಕೆ ಬಿದ್ದೆ ಎಂದು ಸರ್ವರ್ ಅದರಲ್ಲಿ ಸಾಲು ಸಾಲಾಗಿ ಬರೆದಿಟ್ಟಿತ್ತು. ಡೇಟಾಬೇಸಿನ ಪಾಸ್‌ವರ್ಡ್ ಇದ್ದ ಸೆಟ್ಟಿಂಗ್ ಕಡತ ಲ್ಯಾಪ್‌ಟಾಪಿನಲ್ಲೇ ಉಳಿದಿತ್ತು, ಅಷ್ಟೆ. ಎರಡು ತಾಸು ಊಹೆ ಮಾಡಿದ್ದು ದಂಡ, ಎರಡು ನಿಮಿಷ ಓದಿದ್ದು ಕೆಲಸಕ್ಕೆ ಬಂತು.

ಆಮೇಲೆ ಪುಟ ತೆರೆಯಿತು, ಆದರೆ ಪತ್ರಿಕೆಯ ತಲೆಯ ಮೇಲಿನ ಗಣಪತಿ ಮಾಯ! 404. ವಿಂಡೋಸ್ ಲ್ಯಾಪ್‌ಟಾಪಿಗೆ ಕಡತದ ಹೆಸರಿನಲ್ಲಿ ಇಂಗ್ಲಿಷಿನ ದೊಡ್ಡ ಅಕ್ಷರ, ಸಣ್ಣ ಅಕ್ಷರ ಎರಡೂ ಒಂದೇ. ಲಿನಕ್ಸ್ ಸರ್ವರಿಗೆ ಅವು ಬೇರೆ ಬೇರೆ. ಹೆಸರು ತಿದ್ದಿದೆವು, ವಿಘ್ನೇಶ್ವರ ಬಂದ. ಆದರೆ ವಿಘ್ನ ಮುಗಿಯಲಿಲ್ಲ.

ಎಲ್ಲಾ ಸರಿಯಾಯಿತೆಂದು ನಂಬಿ ಗಿರಾಕಿಗಳಿಗೆ ಹೇಳಿದೆವು. ಮೊದಲ ವಾರ 14 ಮನೆತನದವರು ಹೆಸರು ತುಂಬಿದರು. ಹದಿನಾಲ್ಕೂ ಪ್ರಶ್ನಾರ್ಥಕ.

ಸರ್ವರ್ ಬಾಡಿಗೆ ಕೊಟ್ಟವರಿಗೆ ಫೋನ್ ಹಚ್ಚಿದರೆ ಬಂದ ಉತ್ತರ ಕೇಳಿ: "ಇಂಗ್ಲಿಷಿನಲ್ಲಿ ತುಂಬಿಸಿಕೊಳ್ಳಿ ಸಾರ್, ಎಲ್ಲರೂ ಹಾಗೇ ಮಾಡ್ತಾರೆ." ಅದಕ್ಕಿಂತ ಹೊಟ್ಟೆ ಉರಿದದ್ದು ನಮ್ಮ ಹುಡುಗನ ಮಾತಿಗೆ. "ಮಾಮಾ, ಅಂವ ಹೇಳೂದು ಖರೇ ಐತಿ. ಇಂಗ್ಲಿಷ್ ಅಕ್ಷರದಾಗ ತುಂಬಿಸಿಕೊಂಡ್ರ ಆತು, ನೀ ಕನ್ನಡದಾಗ ಟೈಪ್ ಮಾಡಿಕೋ."

ಮಾಡಿದೆ. ಒಂದು ಸಲ ಮಾಡಿಯೂ ನೋಡಿದೆ. ಅಡ್ಡಹೆಸರು ಇಂಗ್ಲಿಷಿನಲ್ಲಿ ಎಂ, ಎ, ಎಲ್, ಐ ಎಂದು ಬಂತು. ನಮ್ಮ ಹುಡುಗರು 'ಮಾಲಿ' ಎಂದು 500 ಪತ್ರಿಕೆ ಹೊಡೆದರು. ಆ ಮನೆತನ 'ಮಾಳಿ'. ವಧುವಿನ ತಂದೆ ಪ್ರೆಸ್ಸಿನ ಕಟ್ಟೆಯ ಮೇಲೆ ಕುಳಿತು ಒಂದೇ ಮಾತು ಅಂದರು: "ಮನೆತನದ ಹೆಸರs ಕೆಡಿಸಿದ್ರೆಲ್ಲೋ ಸಾಹುಕಾರ." 500 ಪತ್ರಿಕೆಯ ಕಾಗದ, ಶಾಯಿ, ಕೂಲಿ ನನ್ನ ತಲೆಯ ಮೇಲೆ. ಅದು ಹೋಗಲಿ, ಆ ಹಿರಿಯರ ಮುಖ ನೋಡಲಾಗಲಿಲ್ಲ. 'ಳ' ಇಲ್ಲದ ಲಿಪಿಯಲ್ಲಿ ಕನ್ನಡದವರ ಹೆಸರು ತುಂಬಿಸಿಕೊಂಡರೆ ಆಗುವುದೇ ಇಷ್ಟು. ಕಾಲ, ಕಳ, ಕಾಳ, ಕಲಾ ಎಲ್ಲಾ ಒಂದೇ!

ಆವತ್ತು ಹುಡುಗನಿಗೆ ಹೇಳಿದೆ: ಇಂಗ್ಲಿಷ್ ಇಲ್ಲ. ತಪ್ಪು ಎಲ್ಲಿದೆ ಎಂದು ಹುಡುಕು, ನಾನೂ ಕೂಡುತ್ತೇನೆ. ನಾಲ್ಕು ರಾತ್ರಿ ಕುಳಿತೆವು. ಆ ನಾಲ್ಕು ರಾತ್ರಿಯಲ್ಲಿ ಗೊತ್ತಾದದ್ದನ್ನು ನಿಮಗೆ ಹೇಳಬೇಕೆಂದೇ ಇದನ್ನು ಬರೆಯುತ್ತಿದ್ದೇನೆ. ಕನ್ನಡ ಕೆಡುವುದು ಒಂದೇ ರೀತಿಯಲ್ಲ. ಕೆಟ್ಟ ರೂಪ ನೋಡಿಯೇ ರೋಗ ಹೇಳಬಹುದು.

ಪ್ರಶ್ನಾರ್ಥಕ ಕಂಡರೆ: ಪುಟದಲ್ಲೇ ಬರೆದಿದ್ದ 'ಚಿ.', 'ಕುಂ. ಸೌ.' ಸರಿಯಾಗಿಯೇ ಇದ್ದವು. ಗಿರಾಕಿ ತುಂಬಿದ್ದು ಮಾತ್ರ ಹೋಗಿತ್ತು. ಅಂದರೆ ತಪ್ಪು ಡೇಟಾಬೇಸಿನ ಕಡೆಗೆ. ಮೈಎಸ್‌ಕ್ಯುಎಲ್ ಎಂಬ ಡೇಟಾಬೇಸಿಗೆ ನಾವು ಏನೂ ಹೇಳದಿದ್ದರೆ, 2018ರಲ್ಲಿ 8.0 ಆವೃತ್ತಿ ಬರುವವರೆಗೆ, ಅದು ಲ್ಯಾಟಿನ್-1 ಎಂಬ ಯುರೋಪಿನ ಅಕ್ಷರಪಟ್ಟಿಯನ್ನೇ ಹಿಡಿಯುತ್ತಿತ್ತು. ಹೆಸರುಗಳನ್ನು ಜೋಡಿಸುವ ಕ್ರಮವೋ ಸ್ವೀಡನ್ ದೇಶದ್ದು! ಅದು ಹುಟ್ಟಿದ್ದೇ ಅಲ್ಲಿ. ಹುಡುಗನ ಲ್ಯಾಪ್‌ಟಾಪಿನಲ್ಲಿ ಹೊಸ ಆವೃತ್ತಿ, ಬಾಡಿಗೆ ಸರ್ವರಿನಲ್ಲಿ ಹಳೆಯದು. ಆ ಪಟ್ಟಿಯಲ್ಲಿ ಕನ್ನಡಕ್ಕೆ ಜಾಗವಿಲ್ಲ. ಕೆಲವು ಕಡೆ ಅದು ಹಾಗೆಂದು ತಕರಾರು ಮಾಡುತ್ತದೆ, ಕೆಲವು ಕಡೆ ಒಂದೊಂದು ಚಿಹ್ನೆಗೆ ಒಂದೊಂದು ಪ್ರಶ್ನಾರ್ಥಕ ಹಾಕಿ ಸುಮ್ಮನಾಗುತ್ತದೆ. ಹೀಗೆ ಹೋದದ್ದು ಹೋಯಿತು, ಮರಳಿ ಬರುವುದಿಲ್ಲ. ಕೋಷ್ಟಕವನ್ನೂ ಸಂಪರ್ಕವನ್ನೂ ಯುಟಿಎಫ್8ಎಂಬಿ4 ಎಂದು ಬಾಯಿಬಿಟ್ಟು ಹೇಳಿದ ಮೇಲೆ ಹೊಸ ಹೆಸರುಗಳು ಉಳಿದವು. ಹಳೆಯ 14 ಮನೆತನಗಳಿಗೆ ಫೋನ್ ಮಾಡಿ, ಕೈಮುಗಿದು, ಕಾಗದದ ಮೇಲೆ ಮತ್ತೆ ಬರೆಸಿಕೊಂಡೆ.

ತಲೆಯ ಮೇಲೆ ಓರೆ ಗೆರೆಯ ಇಂಗ್ಲಿಷ್ 'ಎ', ಅದರ ಪಕ್ಕದಲ್ಲಿ ಸಣ್ಣ 2 ಅಥವಾ ಸಣ್ಣ 3, ಹೀಗೆ ಸಾಲುಗಟ್ಟಿ ಕಂಡರೆ: ಹೆದರಬೇಡಿ, ಕನ್ನಡ ಇನ್ನೂ ಜೀವಂತ ಇದೆ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಚಿಹ್ನೆಗೂ 3 ಬೈಟು. ಮೊದಲನೆಯದು ಎಲ್ಲಕ್ಕೂ ಒಂದೇ, ಎರಡನೆಯದು ಎರಡರಲ್ಲಿ ಒಂದು. ಅವನ್ನು ಒಂದೊಂದಾಗಿ ಬಿಡಿಸಿ ಯುರೋಪಿನ ಪಟ್ಟಿಯಲ್ಲಿ ಓದಿದರೆ ಈ ಓರೆಗೆರೆಯ ಎ, ಸಣ್ಣ 2, ಸಣ್ಣ 3 ಬರುತ್ತವೆ. ಬರೆದದ್ದು ಸರಿ, ಓದಿದ್ದು ತಪ್ಪು. ನಮ್ಮಲ್ಲಿ ಪುಟದೊಳಗೆ ಯುಟಿಎಫ್-8 ಎಂದು ಬರೆದಿದ್ದರೂ ಸರ್ವರ್ ತನ್ನ ಕಡೆಯಿಂದ ಬೇರೆ ಹೆಸರು ಹೇಳಿ ಕಳಿಸುತ್ತಿತ್ತು. ಇಬ್ಬರೂ ಬೇರೆ ಬೇರೆ ಹೇಳಿದರೆ ಬ್ರೌಸರ್ ನಂಬುವುದು ಸರ್ವರಿನ ಮಾತನ್ನು. ಸರ್ವರಿನ ಸೆಟ್ಟಿಂಗಿನಲ್ಲಿ ಒಂದು ಸಾಲು ತಿದ್ದಿದಾಗ ಕನ್ನಡ ಎದ್ದು ಕುಳಿತಿತು.

ಖಾಲಿ ಚೌಕ ಕಂಡರೆ: ಅಕ್ಷರ ಇದೆ, ಫಾಂಟು ಇಲ್ಲ. ಪ್ರೂಫಿನ ಪಿಡಿಎಫ್ ತಯಾರಾಗುವುದು ಸರ್ವರಿನಲ್ಲಿ. ಬರೀ ಸರ್ವರಿನಲ್ಲಿ ಕನ್ನಡ ಫಾಂಟು ಎಲ್ಲಿಂದ ಬರಬೇಕು? ಗುಬ್ಬಿ, ನವಿಲು, ಲೋಹಿತ್, ನೋಟೋ ಎಂದು ದುಡ್ಡಿಲ್ಲದೆ ಸಿಗುವ ಕನ್ನಡ ಫಾಂಟುಗಳಿವೆ. ಒಂದನ್ನು ಅಪ್ಲಿಕೇಶನ್ನಿನ ಜೊತೆಗೇ ಕಟ್ಟಿ ಕಳಿಸಿದೆವು.

ಒತ್ತಕ್ಷರ ಒಡೆದು ಬಿದ್ದರೆ: ಫಾಂಟು ಇದ್ದರೂ 'ಲಕ್ಷ್ಮೀ' ತುಂಡು ತುಂಡಾಗಿತ್ತು. ಪಿಡಿಎಫ್ ಮಾಡುವ ಸಾಧನಕ್ಕೆ ಅಕ್ಷರ ಕೂಡಿಸುವುದು ಬರುತ್ತಿರಲಿಲ್ಲ. ಒತ್ತು ಗೊತ್ತಿಲ್ಲದ ಕಂಪೋಸಿಟರನ್ನು ಕೂರಿಸಿದ ಹಾಗೆ! ಆ ಸಾಧನ ಬಿಟ್ಟು, ಬ್ರೌಸರ್ ಎಂಜಿನ್ನಿನಿಂದಲೇ ಪಿಡಿಎಫ್ ತೆಗೆಸಿದಾಗ ಲಕ್ಷ್ಮಿ ಮನೆಗೆ ಬಂದಳು.

ಹೆಸರಿನ ಬಾಲ ಕತ್ತರಿಸಿದ್ದರೆ: 'ಕುಲಗೋಡ' ಎಂಬ ಹೆಸರು ಯುಟಿಎಫ್-8ರಲ್ಲಿ 18 ಬೈಟು. ಜಾಗವನ್ನು ಬೈಟಿನಲ್ಲಿ ಅಳೆದು ಇಂಗ್ಲಿಷಿಗಷ್ಟೇ ಹೊಲಿದ ಅಂಗಿಯಲ್ಲಿ ಕನ್ನಡ ಹಿಡಿಸುವುದಿಲ್ಲ.

ನೋಡಿ, ಈ ಐದರಲ್ಲಿ ಒಂದಾದರೂ "ಕನ್ನಡದಲ್ಲಿ ಆಗುವುದಿಲ್ಲ" ಎಂಬುದಕ್ಕೆ ಸಾಕ್ಷಿಯೇ? ಯುನಿಕೋಡಿನ ಮೊದಲ ಆವೃತ್ತಿ ಬಂದದ್ದು 1991ರಲ್ಲಿ. ಆವತ್ತೇ ಅದರಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿದೆ. ಭೂಮಿ ಯೋಜನೆಯಲ್ಲಿ ಕೈಬರಹದ ಉತಾರ ಹೋಗಿ ಕಂಪ್ಯೂಟರ್ ಉತಾರ ಬಂದಾಗ ಅದು ಕನ್ನಡದಲ್ಲೇ ಬಂತು, ನಮ್ಮ ರೈತರು ಓದಿಕೊಂಡರು. ಜಾಗ ಇದೆ, ಸಾಧನ ಇದೆ, ಫಾಂಟು ಇದೆ. ಇಲ್ಲದ್ದು ಒಂದೇ, ಅರ್ಧ ತಾಸು ಕುಳಿತು ಹುಡುಕುವ ಮನಸ್ಸು. "ಇಂಗ್ಲಿಷಿನಲ್ಲಿ ತುಂಬಿಸಿಕೊಳ್ಳಿ" ಎಂಬುದು ಪರಿಹಾರವಲ್ಲ, ಸೋಮಾರಿತನಕ್ಕೆ ಹಚ್ಚಿದ ಬಣ್ಣ!

ನಮ್ಮ ಪಾಲಿನ ತಪ್ಪನ್ನೂ ಹೇಳಬೇಕು. ಆ ಸರ್ವರ್ ಬಾಡಿಗೆಯವನನ್ನು ನಾನು ಬೈದೆ, ಸರಿ. ಆದರೆ ಡೇಟಾಬೇಸಿಗೆ ಕನ್ನಡ ಬೇಕೆಂದು ಹೇಳದೆ ಬಿಟ್ಟವರು ಯಾರು? ನಮ್ಮವನೇ, ಕುಲಗೋಡದವನೇ. ಏರಿಸಿದ ಮೇಲೆ ಪರೀಕ್ಷೆ ಮಾಡುವಾಗ ಅವನು ಹೆಸರಿನ ಜಾಗದಲ್ಲಿ ಇಂಗ್ಲಿಷಿನಲ್ಲಿ 'ಟೆಸ್ಟ್' ಎಂದು ಹೊಡೆದು, ಸರಿ ಇದೆ ಎಂದು ಎದ್ದಿದ್ದ. ನಾನೂ ಪಕ್ಕದಲ್ಲೇ ಕುಳಿತು ನೋಡಿದ್ದೆ. ಪ್ರೂಫ್ ನೋಡದೆ ಮಶೀನು ಓಡಿಸಿದ ಪ್ರೆಸ್ಸಿನವನು ನಾನು! ಒಂದೇ ಒಂದು ಸಲ 'ಲಕ್ಷ್ಮೀ' ಎಂದು ಹೊಡೆದು ನೋಡಿದ್ದರೆ 14 ಮನೆತನದ ಮುಂದೆ ಕೈಮುಗಿಯುವುದು ತಪ್ಪುತ್ತಿತ್ತು.

1982ರ ಗೋಕಾಕ ಚಳವಳಿಯ ಹೊತ್ತಿಗೆ ನಾನು ತೊಟ್ಟಿಲ ಕೂಸು. ಆವತ್ತು ಜನ ಬೀದಿಗೆ ಬಂದದ್ದಕ್ಕೆ ಕನ್ನಡಕ್ಕೆ ಶಾಲೆಯಲ್ಲಿ ಮರ್ಯಾದೆ ಸಿಕ್ಕಿತು. 2024ರಲ್ಲಿ ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡ ಇರಬೇಕೆಂದು ಕಾನೂನು ಬಂತು. ಒಳ್ಳೆಯದೇ. ಆದರೆ ಫಲಕದ ಹಿಂದಿನ ಅಂಗಡಿ ಈಗ ಸರ್ವರಿನಲ್ಲಿದೆ. ಅಲ್ಲಿ ನಮ್ಮ ಹೆಸರು ಪ್ರಶ್ನಾರ್ಥಕವಾದರೆ ಯಾವ ಕಾನೂನು ಬಂದು ಬಿಡಿಸುತ್ತದೆ? ಫಲಕ ತಿದ್ದಲು ಏಣಿ ಹತ್ತುವ ಹುಡುಗರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಲಾಗ್ ಓದುವ ಹುಡುಗರೂ ಇದ್ದಾರೆ, ಬೆಂಗಳೂರು, ಹುಬ್ಬಳ್ಳಿ, ಮೈಸೂರಿನ ಕಂಪನಿಗಳಲ್ಲಿ ದಿನಾ ಅದೇ ಕೆಲಸ ಮಾಡುತ್ತಾರೆ. ಈ ಎರಡು ಗುಂಪು ಒಂದು ಕಡೆ ಕೂಡಬೇಕು.

ನಮ್ಮ ಊರು ಪಾರಿಜಾತದ ಊರು. ಶ್ರೀಕೃಷ್ಣ ಪಾರಿಜಾತವನ್ನು ಅಟ್ಟಕ್ಕೆ ಹತ್ತಿಸಿದ ಕುಲಗೋಡ ತಮ್ಮಣ್ಣನ ಊರು. ಪಾರಿಜಾತದ ಮೇಳ ಪರ ಊರಿಗೆ ಆಡಲು ಹೋಗುವಾಗ ಹಾರ್ಮೋನಿಯಂ, ತಬಲಾ, ತಾಳ, ವೇಷ ಎಲ್ಲಾ ಕಟ್ಟಿಕೊಂಡೇ ಗಾಡಿ ಹತ್ತುತ್ತದೆ. ಆ ಊರಿನಲ್ಲಿ ಇರಬಹುದು ಎಂದು ಕೈಬೀಸಿಕೊಂಡು ಹೋಗುವುದಿಲ್ಲ. ಅಟ್ಟದ ಮೇಲೆ ನಿಂತ ಮೇಲೆ ತಾಳ ಇಲ್ಲ ಎಂದರೆ ಜನ ಬಿಡುತ್ತಾರೆಯೇ? ಸರ್ವರಿಗೆ ಹೋಗುವಾಗಲೂ ಅಷ್ಟೆ. ಫಾಂಟು, ಸೆಟ್ಟಿಂಗು, ಅಕ್ಷರಪಟ್ಟಿ, ಆವೃತ್ತಿ ಎಲ್ಲವನ್ನೂ ಕಟ್ಟಿಕೊಂಡೇ ಹೋಗಿ.

ಹಾಗಾದರೆ ಮಾಡಬೇಕಾದ್ದು ಏನು? ಸರ್ವರಿಗೆ ಏರಿಸಿದ ದಿನವೇ, ಸರ್ವರಿನ ಮೇಲೆಯೇ, 'ಲಕ್ಷ್ಮೀ', 'ಜ್ಞಾನೇಶ್ವರ', 'ಅರ್ಕಾವತಿ', 'ಸ್ತ್ರೀ', 'ಮಾಳಿ' ಈ ಐದು ಹೆಸರು ತುಂಬಿ, ಉಳಿಸಿ, ಮುಚ್ಚಿ, ಮತ್ತೆ ತೆರೆದು ನೋಡಿ. ಪಿಡಿಎಫ್ ತೆಗೆದು ನೋಡಿ. ಕೆಟ್ಟರೆ ಮೊದಲು ಲಾಗ್ ಓದಿ, ಒಂದು ಸಲಕ್ಕೆ ಒಂದೇ ತಿದ್ದಿ. ಎಲ್ಲಾ ಒಟ್ಟಿಗೆ ತಿದ್ದಿದರೆ ಯಾವುದರಿಂದ ಸರಿಯಾಯಿತೆಂದು ಗೊತ್ತಾಗುವುದಿಲ್ಲ. ನಿಮ್ಮ ಕಾಲೇಜಿನ ಅರ್ಜಿ, ಬ್ಯಾಂಕಿನ ಅರ್ಜಿ, ಆಸ್ಪತ್ರೆಯ ಚೀಟಿ ಎಲ್ಲೆಲ್ಲಿ ಕನ್ನಡ ಕೆಟ್ಟಿದೆಯೋ ಅಲ್ಲಿ ಬರೀ ಘೋಷಣೆ ಕೂಗಿ ಬರಬೇಡಿ. ಪ್ರಶ್ನಾರ್ಥಕವೋ, ಓರೆಗೆರೆಯ ಎ ಬಂತೋ, ಖಾಲಿ ಚೌಕವೋ ಎಂದು ಬರೆದುಕೊಂಡು, ರೋಗದ ಹೆಸರು ಹೇಳಿ ಮನವಿ ಕೊಡಿ. "ಆಗುವುದಿಲ್ಲ" ಎಂದು ತಪ್ಪಿಸಿಕೊಳ್ಳಲು ಅವರಿಗೆ ದಾರಿಯೇ ಉಳಿಯಬಾರದು.

ಈ ಸುಗ್ಗಿಯಲ್ಲಿ ನಮ್ಮ ಪ್ರೆಸ್ಸಿನಲ್ಲಿ ಪ್ರೂಫ್ ಎಲ್ಲಾ ಸರ್ವರಿನಿಂದಲೇ ಬರುತ್ತಿದೆ, ಕನ್ನಡದಲ್ಲೇ. ಆ ಮಾಳಿ ಮನೆತನದ ಹಿರಿಯರು ಎರಡನೆಯ ಮಗಳ ಲಗ್ನಪತ್ರಿಕೆಗೆ ನನ್ನ ಹತ್ತಿರವೇ ಬಂದರು. ಮೊಬೈಲಿನಲ್ಲಿ ತಾವೇ ಹೆಸರು ತುಂಬಿದರು. ಕನ್ನಡಕ ಏರಿಸಿಕೊಂಡು 'ಳ' ಒಂದನ್ನೇ ಬಹಳ ಹೊತ್ತು ನೋಡಿ, "ಈಗ ಹೊಡಿ" ಅಂದರು.