ಸಾಫ್ಟ್‌ವೇರ್ ಒಗ್ಗುವುದು ಯಾರಿಗೆ?

ಪಿಯುಸಿ ಫಲಿತಾಂಶ ಬಂದೊಡನೆ ಬಾಗಲಕೋಟೆ, ಬಾದಾಮಿ, ಹುನಗುಂದದ ಪಾಲಕರ ಬಾಯಲ್ಲಿ ಒಂದೇ ಪ್ರಶ್ನೆ: ಕಂಪ್ಯೂಟರ್ ಸೈನ್ಸ್ ಸೀಟು ಸಿಕ್ಕೀತೆ? ಸೀಟಿಗಾಗಿ ಹೊಲ ಅಡವಿಡಲೂ ಕೆಲವರು ಸಿದ್ಧ. ಆ ಕೆಲಸ ಮಗಳಿಗೋ ಮಗನಿಗೋ ಒಗ್ಗುತ್ತದೆಯೇ ಎಂದು ಕೇಳುವವರು ಕಡಿಮೆ.

ಇಳಕಲ್‌ನ ನೇಕಾರರಿಗೆ ಇದರ ಮರ್ಮ ಗೊತ್ತು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸಬೇಕು. ಒಂದೆಳೆ ತಪ್ಪಿದರೆ ಹುಡುಕಿ ಸರಿಪಡಿಸದೆ ಗತಿಯಿಲ್ಲ. ಪ್ರೋಗ್ರಾಂ ಬರೆಯುವವರ ಪಾಡೂ ಹೀಗೆಯೇ. ಬರೆದದ್ದರಲ್ಲಿನ ತಪ್ಪು ಹುಡುಕುವುದರಲ್ಲೇ ಹೊತ್ತು ಹೋಗುತ್ತದೆ. (ಮಗ್ಗಕ್ಕೂ ಕಂಪ್ಯೂಟರಿಗೂ ನಂಟು ಹಳೆಯದು. ಫ್ರಾನ್ಸಿನ ಜಕಾರ್ಡ್ 1804ರಲ್ಲಿ ಮಗ್ಗಕ್ಕೆ ಅಳವಡಿಸಿದ ರಂಧ್ರದ ಕಾರ್ಡುಗಳನ್ನೇ ಬ್ಯಾಬೇಜ್ ತನ್ನ ಗಣಕಯಂತ್ರದ ಯೋಜನೆಗೆ ಎರವಲು ಪಡೆದ.)

ಪರೀಕ್ಷಿಸಿ ನೋಡಲು ಖರ್ಚಿಲ್ಲ. ಪೈಥಾನ್ ಭಾಷೆ ಉಚಿತ, ಹಳೆಯ ಕಂಪ್ಯೂಟರಿನಲ್ಲೂ ನಡೆಯುತ್ತದೆ. ಇಂಗ್ಲಿಷಿಗೆ ಹೆದರುವವರು ಗಮನಿಸಲಿ, ಅದರ ಮೀಸಲು ಪದಗಳು 35 ಮಾತ್ರ. ಕೊಟ್ಟ ವರ್ಷ ಅಧಿಕ ವರ್ಷವೇ ಎಂದು ಹೇಳುವ ಪ್ರೋಗ್ರಾಂ ಬರೆಯಲಿ. 4ರಿಂದ ಭಾಗವಾದರೆ ಸಾಕೆಂದುಕೊಂಡವರಿಗೆ 1900 ಕೈಕೊಡುತ್ತದೆ. ಅದು ಅಧಿಕ ವರ್ಷವಲ್ಲ, 2000 ಹೌದು. ಏಕೆಂದು ಹುಡುಕುತ್ತ ಊಟ ಮರೆತ ವಿದ್ಯಾರ್ಥಿಗೆ ಈ ಕೆಲಸ ಒಗ್ಗೀತು. ಬೇರೆಯವರ ಉತ್ತರ ನಕಲು ಮಾಡಿ ಎದ್ದುಹೋಗುವವರು ಇನ್ನೊಮ್ಮೆ ಯೋಚಿಸಲಿ. ಅಂಕ ಎಷ್ಟೇ ಇರಲಿ.

ಬಾಗಲಕೋಟೆಯಲ್ಲಿಯೇ 2008ರಲ್ಲಿ ಆರಂಭವಾದ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯವಿದೆ. ಶುಲ್ಕ ಕಟ್ಟುವ ಮೊದಲು ಅಲ್ಲಿಗೂ ಒಮ್ಮೆ ಹೋಗಿಬರಬಹುದು.