ಡೆಂಗಿ ಅಲ್ಲ ಅಂದಮೇಲೆ ಮತ್ತೇನು?

ಕರ್ನಾಟಕದ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,

ಮಳೆಗಾಲ ಶುರುವಾಯಿತೆಂದರೆ ನಿಮ್ಮ ಇಲಾಖೆಯಿಂದ ಪಟ್ಟಿಗಳು ಬರತೊಡಗುತ್ತವೆ: ಎಷ್ಟು ಮಂದಿಯ ರಕ್ತ ಪರೀಕ್ಷೆಯಾಯಿತು, ಅದರಲ್ಲಿ ಎಷ್ಟು ಮಂದಿಗೆ ಡೆಂಗಿ. ಪತ್ರಿಕೆಗಳು ಎರಡನೆಯ ಸಂಖ್ಯೆಯನ್ನು ದಪ್ಪಕ್ಷರದಲ್ಲಿ ಹಾಕುತ್ತವೆ. ನಾನು ಬರೆಯುತ್ತಿರುವುದು ಮಿಕ್ಕವರ ಬಗ್ಗೆ. ರಕ್ತ ಕೊಟ್ಟು, 'ನೆಗೆಟಿವ್' ಎಂಬ ಚೀಟಿ ಹಿಡಿದು, ಜ್ವರವನ್ನೂ ಹೊತ್ತುಕೊಂಡೇ ಮನೆಗೆ ಹೋದವರು. ಅವರಿಗೆ ಬಂದದ್ದೇನು ಎಂದು ಬರೆಯಲು ಪಟ್ಟಿಯಲ್ಲಿ ಜಾಗವಿಲ್ಲ.

ಅಂಥ ಒಂದು ಚೀಟಿ ಹೇಗಿರುತ್ತದೆ ನೋಡಿ. ಡೆಂಗಿ ವೈರಸ್ಸಿನ ಪ್ರೋಟೀನ್ ಹುಡುಕುವ ಎನ್‌ಎಸ್‌1 ನೆಗೆಟಿವ್. ಮಲೇರಿಯಾ ನೆಗೆಟಿವ್. ಪ್ಲೇಟ್‌ಲೆಟ್ ಒಂದಿಷ್ಟು ಇಳಿದಿದೆ. ಟೈಫಾಯಿಡ್‌ಗೆ ಮಾಡುವ ವಿಡಾಲ್ ಪರೀಕ್ಷೆ 1:80. ಇಷ್ಟರಿಂದ ಟೈಫಾಯಿಡ್ ಎನ್ನಲಾಗದು, ಆರೋಗ್ಯವಾಗಿರುವವರ ರಕ್ತದಲ್ಲೂ ನಮ್ಮ ಕಡೆ ಈ ಅಂಕಿ ಸಿಗುತ್ತದೆ ಎನ್ನುವುದು ವೈದ್ಯರಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಚೀಟಿಯಲ್ಲಿ ಹಿಡಿದುಕೊಳ್ಳಲು ಬೇರೇನೂ ಇಲ್ಲ. ಐದು ದಿನ ಆ್ಯಂಟಿಬಯೋಟಿಕ್ ಇಂಜೆಕ್ಷನ್, ಜೊತೆಗೊಂದು ಡ್ರಿಪ್. ಜ್ವರಕ್ಕೆ ಕಾರಣ ವೈರಸ್ ಆಗಿದ್ದರೆ ಅದಕ್ಕೆ ಈ ಔಷಧ ತಾಕುವುದೂ ಇಲ್ಲ. ಜ್ವರ ತನ್ನ ಪಾಡಿಗೆ ಇಳಿಯುತ್ತದೆ, ಹೆಸರು ಇಂಜೆಕ್ಷನ್ನಿಗೆ ಬರುತ್ತದೆ.

ಆ ನೆಗೆಟಿವ್ ಕೂಡ ಪೂರ್ತಿ ನಂಬುವಂಥದ್ದಲ್ಲ. ಎನ್‌ಎಸ್‌1 ಚೆನ್ನಾಗಿ ಸಿಗುವುದು ಜ್ವರದ ಮೊದಲ ನಾಲ್ಕೈದು ದಿನ. ಐಜಿಎಂ ಪ್ರತಿಕಾಯ ಕಾಣಿಸಿಕೊಳ್ಳುವುದು ಸುಮಾರು ಐದನೇ ದಿನದ ಮೇಲೆ. ಕೂಲಿ ತಪ್ಪುತ್ತದೆಂದು ಪ್ಯಾರಾಸಿಟಮಾಲ್ ನುಂಗಿಕೊಂಡಿದ್ದು ಆರನೇ ದಿನ ಬಂದವನಿಗೆ ಬರೀ ಎನ್‌ಎಸ್‌1 ಮಾಡಿದರೆ ಡೆಂಗಿ ತಪ್ಪಿಸಿಕೊಳ್ಳಬಹುದು. ಎರಡನೇ ಸಲ ಡೆಂಗಿ ಬಂದವರಲ್ಲಿ ಎನ್‌ಎಸ್‌1 ಇನ್ನೂ ಬೇಗ ಮರೆಯಾಗುತ್ತದೆ, ಹೆಚ್ಚು ಅಪಾಯವಿರುವುದೂ ಅವರಿಗೇ. ಇನ್ನು ಡೆಂಗಿ, ಝೀಕಾ, ವೆಸ್ಟ್ ನೈಲ್, ಜಪಾನೀಸ್ ಮಿದುಳು ಜ್ವರ ಇವೆಲ್ಲ ಒಂದೇ ಕುಲದ ವೈರಸ್‌ಗಳು. ಒಂದರ ವಿರುದ್ಧ ಹುಟ್ಟಿದ ಐಜಿಎಂ ಇನ್ನೊಂದರ ಪರೀಕ್ಷೆಯಲ್ಲೂ ಪಾಸಿಟಿವ್ ತೋರಿಸಬಲ್ಲದು.

2022ರ ಡಿಸೆಂಬರ್‌ನಲ್ಲಿ ರಾಯಚೂರು ಜಿಲ್ಲೆಯ ಐದು ವರ್ಷದ ಮಗುವಿನಲ್ಲಿ ರಾಜ್ಯದ ಮೊದಲ ಝೀಕಾ ಪತ್ತೆಯಾಯಿತಲ್ಲ, ಅದು ಹೇಗೆ? ಡೆಂಗಿ, ಚಿಕೂನ್‌ಗುನ್ಯ ಪರೀಕ್ಷೆಗೆಂದು ತೆಗೆದ ರಕ್ತ ಅದು. ಅಂಥ ಮಾದರಿಗಳಲ್ಲಿ ನೂರಕ್ಕೆ ಹತ್ತನ್ನು ಪುಣೆಯ ವೈರಾಣು ಸಂಸ್ಥೆಗೆ ಕಳಿಸುವ ರೂಢಿಯಿದೆ ಎಂದು ಆಗಿನ ಸಚಿವರೇ ಹೇಳಿದ್ದರು. ಆ ಹತ್ತರಲ್ಲಿ ಬಿದ್ದದ್ದರಿಂದ ಗೊತ್ತಾಯಿತು. ಉಳಿದ ತೊಂಬತ್ತರಲ್ಲಿ ಏನಿತ್ತೋ ಯಾರು ನೋಡಿದರು? ಮರುವರ್ಷ ಚಿಕ್ಕಬಳ್ಳಾಪುರ ಜಿಲ್ಲೆಯ ಶಿಡ್ಲಘಟ್ಟದ ಕಡೆ ಸೊಳ್ಳೆಗಳಲ್ಲೇ ಝೀಕಾ ಸಿಕ್ಕಿತು. ಅಲ್ಲಿ ಮನುಷ್ಯರಿಗಿಂತ ಮೊದಲು ಸೊಳ್ಳೆಯನ್ನು ಪರೀಕ್ಷಿಸಿದ್ದಕ್ಕೆ ನಿಮ್ಮ ಇಲಾಖೆಯನ್ನು ಮೆಚ್ಚಲೇಬೇಕು.

'ಔಷಧವೇ ಇಲ್ಲದ ಮೇಲೆ ಹೆಸರು ಗೊತ್ತಾಗಿ ಏನಾಗಬೇಕು' ಎಂದು ಅಧಿಕಾರಿಗಳು ಕೇಳುವುದುಂಟು. ಆಗಬೇಕಾದ್ದು ಬಹಳ ಇದೆ. ಡೆಂಗಿಯಲ್ಲಿ ಅಪಾಯ ಶುರುವಾಗುವುದೇ ಜ್ವರ ಇಳಿಯುವ ಹೊತ್ತಿಗೆ. ಮೈಕೈ ನೋವಿಗೆಂದು ಡೈಕ್ಲೋಫೆನಾಕ್ ಕೊಟ್ಟರೆ ರಕ್ತಸ್ರಾವದ ಭಯ. ಝೀಕಾ ಆದರೆ ಆ ಊರಿನ ಗರ್ಭಿಣಿಯರ ಮೇಲೆ ಕಣ್ಣಿಡಬೇಕು, ಶಿಶುವಿನ ಮಿದುಳಿನ ಬೆಳವಣಿಗೆಯೇ ಕುಂಠಿತವಾಗಬಹುದು. ಮಿದುಳು ಜ್ವರವಾದರೆ ಲಸಿಕೆಯಿದೆ, ಅದನ್ನು ಹರಡುವ ಕ್ಯೂಲೆಕ್ಸ್ ಸೊಳ್ಳೆ ಗದ್ದೆಯ ನೀರಿನಲ್ಲಿ ಬೆಳೆದು ರಾತ್ರಿ ಕಚ್ಚುತ್ತದೆ. ಮನೆಯ ತೊಟ್ಟಿಯಲ್ಲಿ ಹುಟ್ಟಿ ಹಗಲು ಕಚ್ಚುವ ಈಡಿಸ್‌ಗೆ ಮಾಡುವ ಉಪಾಯ ಇದಕ್ಕೆ ನಡೆಯದು. ನೆಗೆಟಿವ್ ಆದವರಲ್ಲಿ ಕೆಲವರದ್ದು ವೈರಸ್ಸೇ ಅಲ್ಲದೆ ಸ್ಕ್ರಬ್ ಟೈಫಸ್ ಆಗಿರಬಹುದು, ಅಗ್ಗದ ಡಾಕ್ಸಿಸೈಕ್ಲಿನ್ ಮಾತ್ರೆಯಲ್ಲಿ ಗುಣವಾಗುವ ಕಾಯಿಲೆಗೆ ಚಿಕಿತ್ಸೆ ತಡವಾಗಿ ಪ್ರಾಣ ಹೋಗುವುದುಂಟು.

ಡೆಂಗಿಯಲ್ಲದ ಜ್ವರವೂ ಎಷ್ಟು ದೊಡ್ಡದಾಗಬಲ್ಲದೆಂದು ನಾವು ನೋಡಿದ್ದೇವೆ: 2006ರಲ್ಲಿ ದೇಶದಲ್ಲಿ ದಾಖಲಾದ 13 ಲಕ್ಷಕ್ಕೂ ಹೆಚ್ಚು ಶಂಕಿತ ಚಿಕೂನ್‌ಗುನ್ಯ ಪ್ರಕರಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ನಮ್ಮವು. ಮೂರು ದಶಕ ಕಾಣದಿದ್ದ ಕಾಯಿಲೆ ಅದು. ಮೊಣಕಾಲು ಹಿಡಿದು ಕೂತವರು ತಿಂಗಳುಗಟ್ಟಲೆ ಏಳಲಿಲ್ಲ.

ಮಲೇರಿಯಾ ಕಾಲದಲ್ಲಿ ಆರೋಗ್ಯ ಸಹಾಯಕರು ಮನೆಮನೆಗೆ ಬಂದು, ಜ್ವರ ಅಂದವರ ಬೆರಳು ಚುಚ್ಚಿ ಗಾಜಿನ ಪಟ್ಟಿಯ ಮೇಲೆ ರಕ್ತ ತೆಗೆದುಕೊಂಡು ಹೋಗುತ್ತಿದ್ದರು. ಕಾರಣ ಏನೇ ಇರಲಿ, ಜ್ವರ ಅಂದರೆ ಸ್ಲೈಡ್. ವೈರಸ್ ವಿಷಯದಲ್ಲಿ ಆ ಹಟ ನಮಗಿಲ್ಲ. 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕವೆಂದು ಅಧಿಸೂಚಿಸಿ, ನೀರು ನಿಲ್ಲಿಸಿಕೊಂಡವರಿಗೆ ದಂಡ ಹಾಕುವ ಅಧಿಕಾರ ತಂದಿರಿ. ಸರಿಯೇ. ಆದರೆ ತೊಟ್ಟಿ ಮುಚ್ಚದ ಮನೆಯವಳಿಗೆ ದಂಡ ಹಾಕುವ ಸರ್ಕಾರ ಅವಳ ಜ್ವರ ಯಾವುದೆಂದು ಹೇಳುವ ಹೊಣೆಯನ್ನೂ ಹೊರಬೇಕು.

ಪ್ರತಿ ಜಿಲ್ಲೆಯಲ್ಲಿ ಒಂದೆರಡು ಆಸ್ಪತ್ರೆ ಆರಿಸಿ, ವರ್ಷವಿಡೀ, ನೆಗೆಟಿವ್ ಬಂದ ಜ್ವರದ ಮಾದರಿಗಳಲ್ಲಿ ಒಂದು ಪಾಲನ್ನು ಚಿಕೂನ್‌ಗುನ್ಯ, ಝೀಕಾ, ಮಿದುಳು ಜ್ವರ, ವೆಸ್ಟ್ ನೈಲ್, ಸ್ಕ್ರಬ್ ಟೈಫಸ್ ಎಲ್ಲಕ್ಕೂ ಪರೀಕ್ಷಿಸುವಂತೆ ಆದೇಶಿಸಿ. ಚೀಟಿಯಲ್ಲಿ ಜ್ವರ ಎಷ್ಟನೇ ದಿನವೆಂದು ಬರೆಯುವುದು ಕಡ್ಡಾಯವಾಗಲಿ. ಫಲಿತಾಂಶ ಬೆಂಗಳೂರಿನ ಕಡತದಲ್ಲಿ ಉಳಿಯದೆ, ರಕ್ತ ಕಳಿಸಿದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ವಾರದೊಳಗೆ ವಾಪಸ್ ಬರಲಿ. ಮುಂದಿನ ಪಟ್ಟಿಯಲ್ಲಿ 'ಕಾರಣ ಪತ್ತೆಯಾಗದ ಜ್ವರ' ಎಂಬ ಕಾಲಂ ಸೇರಿಸಿ. ಅದರಲ್ಲಿ ದೊಡ್ಡ ಸಂಖ್ಯೆ ಕಂಡರೆ ವಿರೋಧ ಪಕ್ಷ ಗದ್ದಲ ಮಾಡೀತು, ಮಾಡಲಿ ಬಿಡಿ.

ಇಂತಿ,
ತಾಲ್ಲೂಕು ಪಟ್ಟಣವೊಂದರ ನಾಗರಿಕ